ಅಲುಗಾಡಿದ ತೋಟ

ನಾನು ಹೊಲಿಗೆಯವಳು. ಸಾಗರದ ನಮ್ಮ ಮನೆಯ ಮುಂಗೋಣೆಯಲ್ಲಿ ಕುಳಿತು ಮೂವತ್ತು ವರ್ಷದಿಂದ ಊರ ಹೆಂಗಸರ ರವಿಕೆ ಹೊಲಿಯುತ್ತಾ ಬಂದವಳು. ಗುಂಡಿ, ಕಾಜ, ಲಾಡಿ, ಇಷ್ಟೇ ನನ್ನ ಪ್ರಪಂಚ. ಆಕಾಶದಲ್ಲಿ ಹಾರುವ ಯಂತ್ರಕ್ಕೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, 2024ರ ಫೆಬ್ರವರಿಯ ಆ ಒಂದು ವಾರದವರೆಗೆ.

ನನ್ನ ತವರಿನ ತೋಟ ಮಾರಾಟವಾಗುವುದಿತ್ತು. ಅಣ್ಣಂದಿರಿಬ್ಬರೂ ಊರು ಬಿಟ್ಟು ಕಾಲವಾಯಿತು. ಕೊನೆ ಕೊಯ್ಯುವವರು ಸಿಗುವುದಿಲ್ಲ, ಮಳೆಗಾಲದಲ್ಲಿ ಕೊಳೆ, ಅದು ಸಾಲದೆಂದು ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ. ನೋಡಿಕೊಳ್ಳುವವರಿಲ್ಲದ ತೋಟ ಎಷ್ಟು ದಿನ ನಿಂತೀತು? ಗಿರಾಕಿ ಸಿಕ್ಕಿದ್ದ. ಗುರುವಾರ ನೋಂದಣಿ ಎಂದು ನಿಶ್ಚಯವಾಗಿತ್ತು. ಅಮ್ಮನ ಸಹಿ ಬೇಕು, ನನ್ನದೂ ಬೇಕು. 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ತಾನೆ? ಪಾಲು ಬೇಕೆಂದು ನಾನು ಬಾಯಿಬಿಟ್ಟವಳಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಅಮ್ಮನಿಗೆ ಎಂಬತ್ತನಾಲ್ಕು. ಸೊಂಟದ ಮೂಳೆ ಮುರಿದ ಮೇಲೆ ಎರಡು ವರ್ಷದಿಂದ ನನ್ನ ಮನೆಯಲ್ಲೇ ಇದ್ದಳು. ಮಾರುವ ಸುದ್ದಿ ಹೇಳಿದಾಗ ಅಳಲಿಲ್ಲ, ಕೂಗಾಡಲಿಲ್ಲ. "ಮಾರಿ, ನಾನು ಅಡ್ಡ ಬರಲ್ಲ. ಒಂದು ಸಲ ತೋಟ ನೋಡಬೇಕಿತ್ತು, ಅಷ್ಟೇ" ಅಂದಳು.

ಇದರ ಹಿಂದೆ ಇನ್ನೊಂದು ಕತೆಯಿದೆ. ಅಮ್ಮನ ತವರು ಈಗ ನೀರಿನಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಮುಳುಗಿದ ಊರುಗಳಲ್ಲಿ ಅವಳದೂ ಒಂದು. ನಾಡಿಗೆಲ್ಲ ದೀಪ ಹತ್ತಿತು, ಅವಳು ಆಡಿದ ಜಗಲಿ ಕತ್ತಲಲ್ಲಿ ಉಳಿಯಿತು. ಆ ಮನೆಯ ಒಂದೇ ಒಂದು ಫೋಟೋ ಇಲ್ಲ. ಕೊನೆಯ ಸಲ ಬಂದಾಗ ಕೊನೆಯ ಸಲ ಎಂದು ತಿಳಿಯದೆ ಹೊರಟುಬಂದೆ ಎಂಬ ಕೊರಗು ಅವಳಿಗೆ ಅರವತ್ತು ವರ್ಷದಿಂದ ಇದೆ.

ತೋಟವೋ, ಮನೆಯ ಹಿಂದಿನ ನಲವತ್ತು ಮೆಟ್ಟಿಲಿನ ಕೆಳಗೆ. ಗಾಲಿಕುರ್ಚಿ ಇಳಿಯುವಂತಿಲ್ಲ. ಆಗ ಬೆಂಗಳೂರಿನಿಂದ ಶನಿವಾರ ಬಂದ ಮಗಳು, "ಅಜ್ಜಿ ತೋಟಕ್ಕೆ ಹೋಗೋದು ಬೇಡ, ತೋಟಾನೇ ಅಜ್ಜಿ ಹತ್ರ ಬರಲಿ" ಎಂದು ತನ್ನ ಡ್ರೋನ್ ಹೊರತೆಗೆದಳು. ಸಂಬಳದಲ್ಲಿ ಉಳಿಸಿ ಕೊಂಡದ್ದು. ಒಂದು ಕೆ.ಜಿ.ಯೊಳಗಿನ ಯಂತ್ರ, ನಾಲ್ಕು ರೆಕ್ಕೆ, ಮೂತಿಯಲ್ಲಿ ನೇತಾಡುವ ಒಂದು ಕಣ್ಣು. "ಪೊಲೀಸರು ಹಿಡಿಯೋದಿಲ್ವೇನೆ?" ಎಂದು ನನ್ನ ಚಿಂತೆ. 2021ರ ಡ್ರೋನ್ ನಿಯಮದ ಪ್ರಕಾರ ನೋಂದಣಿ ಸಂಖ್ಯೆ ಮಾಡಿಸಿದ್ದಾಳಂತೆ. ಎರಡು ಕೆ.ಜಿ.ಯೊಳಗಿನದನ್ನು ದುಡಿಮೆಗಲ್ಲದೆ ಹಾರಿಸಿದರೆ ಪೈಲಟ್ ಪರವಾನಗಿ ಬೇಡವಂತೆ. ನಕ್ಷೆಯಲ್ಲಿ ನಮ್ಮೂರು ಹಸಿರು ವಲಯವಂತೆ, 400 ಅಡಿವರೆಗೆ ಹಾರಿಸಬಹುದಂತೆ. ಸರಿಯಪ್ಪಾ ಅಂದೆ.

ಹಾರಿಸಿಕೊಂಡು ಬಂದಳು. ಭಾನುವಾರ ಬೆಳಿಗ್ಗೆ ಅಮ್ಮನನ್ನು ಟಿ.ವಿ. ಮುಂದೆ ಕೂರಿಸಿ, ಕನ್ನಡಕ ಒರೆಸಿ ಹಾಕಿದೆವು. ಹಂಚಿನ ಮಾಡು ಕಂಡಿತು, ಅಂಗಳ ಕಂಡಿತು, ತೋಟ ಕಂಡಿತು. ಆದರೆ ನೆಟ್ಟಗೆ ನಿಲ್ಲಬೇಕಾದ ಅಡಿಕೆ ಮರಗಳು ಹಾವಿನ ಹಾಗೆ ಬಳುಕುತ್ತಿವೆ! ಮನೆಯ ಮಾಡು ತಟ್ಟೆಯಲ್ಲಿಟ್ಟ ಹಾಲುಬಾಯಿಯಂತೆ ತುಳುಕುತ್ತಿದೆ!

"ಭೂಕಂಪ ಆಯ್ತೇನೆ ಕೂಸೇ?" ಎಂದಳು ಅಮ್ಮ. ಮತ್ತೆರಡು ನಿಮಿಷಕ್ಕೆ ಕಣ್ಣು ಮುಚ್ಚಿಕೊಂಡು, "ತಲೆ ತಿರುಗತ್ತೆ, ಬಂದ್ ಮಾಡಿ. ನಂಗೆ ನೋಡೋ ಯೋಗ ಇಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಮಗಳ ಮುಖ ಸಣ್ಣಗಾಯಿತು. ರಾತ್ರಿಯೆಲ್ಲಾ ಲ್ಯಾಪ್‌ಟಾಪಿನಲ್ಲಿ ಆ ಚಿತ್ರವನ್ನು ರಿಪೇರಿ ಮಾಡಲು ಹೆಣಗಿದಳು. ಹೊಯ್ದಾಟ ಸ್ವಲ್ಪ ಇಳಿಯಿತು, ಬಳುಕು ಇಳಿಯಲಿಲ್ಲ. ಸಾಲದ್ದಕ್ಕೆ ಚಿತ್ರದ ಅಂಚೆಲ್ಲ ಕತ್ತರಿಸಿಹೋಗಿ ಬಾವಿಯೇ ಮಾಯ. ಬಟ್ಟೆ ಕತ್ತರಿಸುವಾಗಲೇ ತಪ್ಪಿದರೆ ಇಸ್ತ್ರಿ ಹಾಕಿ ಸರಿಮಾಡಲು ಬರುತ್ತದೆಯೇ? ರಿಪೇರಿಗೆ ಬೆಂಗಳೂರಿಗೆ ಕಳಿಸಿದರೆ ಹತ್ತು ದಿನವಾದರೂ ಬೇಕು. ನಮಗಿದ್ದದ್ದು ಮೂರೇ ದಿನ.

ಸೋಮವಾರ ಅವಳ ಪಕ್ಕ ಕುಳಿತು, "ಅದೇನು ಅಂತ ನಂಗೂ ಹೇಳೇ" ಅಂದೆ. "ನಿಂಗೆ ಗೊತ್ತಾಗಲ್ಲಮ್ಮಾ" ಎಂಬ ಮಂತ್ರ ಒಂದು ಸಲ ಆದ ಮೇಲೆ ಹೇಳಿದಳು.

ಕ್ಯಾಮೆರಾ ನೇತಾಡುವ ಆ ತೊಟ್ಟಿಲಿಗೆ ಗಿಂಬಲ್ ಎಂದು ಹೆಸರು. ಅದರಲ್ಲಿ ಮೂರು ಪುಟ್ಟ ಮೋಟಾರು. ಒಂದು ಮೇಲೆ ಕೆಳಗೆ ಬಾಗುವುದಕ್ಕೆ, ಒಂದು ಎಡಬಲಕ್ಕೆ ತಿರುಗುವುದಕ್ಕೆ, ಇನ್ನೊಂದು ಪಕ್ಕಕ್ಕೆ ವಾಲುವುದಕ್ಕೆ. ಯಂತ್ರ ಯಾವ ಕಡೆ ವಾಲಿತೆಂದು ಒಳಗಿನ ಸಂವೇದಕ ಹೇಳುತ್ತಲೇ ಮೋಟಾರು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿ ಕಣ್ಣನ್ನು ಮಟ್ಟವಾಗಿಡುತ್ತದೆ. ಹಳೆಯ ಕಾಲದ ಹಡಗುಗಳಲ್ಲಿ ದಿಕ್ಸೂಚಿಯನ್ನು ಬಳೆಯೊಳಗೆ ಬಳೆ ಇಟ್ಟು ತೂಗುಹಾಕುತ್ತಿದ್ದದ್ದೂ ಇದೇ ಉಪಾಯ. ನನಗೆ ನೆನಪಾದದ್ದು ಅಮ್ಮ. ತೋಟದ ಬಾವಿಯಿಂದ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ನಲವತ್ತು ಮೆಟ್ಟಿಲು ಹತ್ತುತ್ತಿದ್ದಳು. ಕಾಲು ಎಲ್ಲಿ ಜಾರಿದರೂ ಕುತ್ತಿಗೆ ಸರಿದೂಗಿಸಿಕೊಂಡು, ಒಂದು ಹನಿ ಚೆಲ್ಲುತ್ತಿರಲಿಲ್ಲ.

"ಸರಿ, ಹಾಗಾದರೆ ಕುತ್ತಿಗೆ ಕೆಟ್ಟಿದೆಯೋ ಕಾಲು ಕೆಟ್ಟಿದೆಯೋ ನೋಡೋಣ" ಅಂದೆ. ಹೊಲಿಗೆ ಯಂತ್ರ ದಾರ ಹರಿದರೆ ನಾವು ಮಾಡುವುದೂ ಅದೇ ಅಲ್ಲವೇ? ಮೊದಲು ಸೂಜಿ, ಆಮೇಲೆ ಬಾಬಿನ್, ಕೊನೆಗೆ ಯಂತ್ರ. ಒಂದೊಂದಾಗಿ ನೋಡುತ್ತಾ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಕೆಟ್ಟದ್ದು ಯಾವುದೆಂದು ಎಂದಿಗೂ ತಿಳಿಯದು.

ರೆಕ್ಕೆ ತಿರುಗಿಸದೆ ಯಂತ್ರ ಚಾಲೂ ಮಾಡಿ, ಮಗಳು ಕೈಯಲ್ಲಿ ಹಿಡಿದು ವಾಲಾಡಿಸಿದಳು. ಕಣ್ಣು ಕದಲಲಿಲ್ಲ. ಮೋಟಾರು ಸರಿ. ಆಮೇಲೆ ಮಟ್ಟ ಹೊಂದಿಸುವುದು. ಇದನ್ನು ಸಮತಟ್ಟಾದ ಜಾಗದಲ್ಲೇ ಇಟ್ಟು ಮಾಡಬೇಕಂತೆ. ಹರಿವಾಣದಲ್ಲಿ ನೀರು ಹಾಕಿ ಮನೆಯೆಲ್ಲ ಇಟ್ಟು ನೋಡಿದೆ. ನೆಟ್ಟಗಿದ್ದದ್ದು ದೇವರಮನೆಯ ಕಡಪಾ ಕಲ್ಲು ಮಾತ್ರ. ಅಲ್ಲಿ ದೇವರ ಪಕ್ಕ ಕುಳಿತು ಯಂತ್ರ ತನ್ನಷ್ಟಕ್ಕೆ ಕಣ್ಣು ತಿರುಗಿಸಿ ಮಟ್ಟ ಹಿಡಿಯಿತು. ಸಂಜೆ ಎಲೆಯೂ ಅಲ್ಲಾಡದ ಹೊತ್ತಿನಲ್ಲಿ ಹಿತ್ತಲಲ್ಲಿ ಆಳೆತ್ತರಕ್ಕೆ ಹಾರಿಸಿ ನೋಡಿದೆವು. ವಾಲು ಹೋಗಿತ್ತು, ಬಳುಕು ಹಾಗೇ ಇತ್ತು. ಅಲ್ಲಿಗೆ ಗಾಳಿಯ ತಪ್ಪಲ್ಲ ಎಂದಾಯಿತು.

ಹಾಗಾದರೆ ನಡುಕ. ಈ ಕ್ಯಾಮೆರಾ ಚಿತ್ರವನ್ನು ಒಂದೇ ಏಟಿಗೆ ನುಂಗುವುದಿಲ್ಲವಂತೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಬರುತ್ತದಂತೆ. ಓದುವಷ್ಟರಲ್ಲಿ ಕ್ಯಾಮೆರಾ ನಡುಗಿದರೆ ಒಂದೊಂದು ಸಾಲು ಒಂದೊಂದು ಕಡೆ. ನೆಟ್ಟಗಿನ ಮರ ಹಾವಾಗುವುದು ಹೀಗೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೆಕ್ಕೆಯ ಒಂದು ಅಂಚು ಕೂದಲೆಳೆಯಷ್ಟು ಮುಕ್ಕಾದರೂ ತೂಕ ತಪ್ಪಿ ಯಂತ್ರವೆಲ್ಲ ನಡುಗುತ್ತದೆ.

ನಾನು ರೆಕ್ಕೆಗಳ ಮೇಲೆ ಉಗುರು ಎಳೆದೆ. ರೇಷ್ಮೆಯಲ್ಲಿ ಎಳೆ ಎದ್ದದ್ದನ್ನು ಹುಡುಕುವ ಉಗುರು ಇದು. ಮೂರು ನುಣುಪಾಗಿದ್ದವು, ನಾಲ್ಕನೆಯದರಲ್ಲಿ ಉಗುರು ಸಿಕ್ಕಿಕೊಂಡಿತು.

"ಎಲ್ಲಿ ತಾಗಿಸಿದೆ?" ಎಂದೆ.

"ಎಲ್ಲೂ ಇಲ್ಲ" ಎಂದಳು. ಯಂತ್ರ ರಿಪೇರಿಗೆ ತಂದವರೆಲ್ಲ ಹೇಳುವ ಮಾತು ಇದು. ಸುಮ್ಮನೆ ಅವಳನ್ನೇ ನೋಡಿದೆ. "ಏಳುವಾಗ ಒಂದು ಸೋಗೆಗೆ ತಾಗ್ತು. ಹುಲ್ಲಿನ ಮೇಲೆ ಬಿತ್ತು, ಏನೂ ಆಗಿರಲಿಲ್ಲ. ಒರೆಸಿ ಮತ್ತೆ ಹಾರಿಸಿದೆ. ಅಜ್ಜಿಗೆ ಹೇಳಬೇಡಮ್ಮಾ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಪೆಟ್ಟಿಗೆಯಲ್ಲಿ ಹೊಸ ರೆಕ್ಕೆಗಳಿದ್ದವು. ಒಂದನ್ನೇ ಬದಲಿಸಬಾರದು, ಜೋಡಿಯಾಗಿ ಬದಲಿಸಬೇಕು. ಎರಡು ಬಲಸುತ್ತಿನವು, ಎರಡು ಎಡಸುತ್ತಿನವು, ಗುರುತು ನೋಡಿ ಕೂರಿಸಬೇಕು. ಹಾಕಿ ನೋಡಿದರೆ ಬಳುಕು ಅರ್ಧಕ್ಕೆ ಇಳಿಯಿತು. ಅರ್ಧ ಉಳಿಯಿತು.

ಮಂಗಳವಾರ ಬೆಳಿಗ್ಗೆ ಬ್ಯಾಟರಿ ತೆಗೆಸಿ, ನನ್ನ ಹೊಲಿಗೆ ದೀಪದಡಿ ಅದನ್ನು ಮಗುಚಿ ಹಿಡಿದೆ. ಒಂದು ಭುಜ ಇಳಿದ ರವಿಕೆಯ ಹಾಗೆ ಗಿಂಬಲ್ಲು ಒಂದು ಪಕ್ಕಕ್ಕೆ ಇಳಿಬಿದ್ದಿತ್ತು. ಅದನ್ನು ಮೈಗೆ ಸೇರಿಸುವಲ್ಲಿ ಕಾಳುಮೆಣಸಿನಷ್ಟು ಸಣ್ಣ ರಬ್ಬರ್ ಗುಂಡಿಗಳಿವೆ. ಒಂದು ಗುಂಡಿ ತನ್ನ ತೂತಿನಿಂದ ಕಳಚಿ ನೇತಾಡುತ್ತಿತ್ತು! ಮಿಕ್ಸಿಯ ರಬ್ಬರ್ ಕಾಲು ಒಂದು ಹೋದರೆ ಅಡುಗೆಕಟ್ಟೆಯೆಲ್ಲ ಗಡಗಡ ಅನ್ನುವುದಿಲ್ಲವೇ? ಇಲ್ಲೂ ಅದೇ. ನಡುಕವನ್ನು ಕುಡಿಯಬೇಕಾದ ರಬ್ಬರು ಜಾಗದಲ್ಲಿಲ್ಲ, ಕ್ಯಾಮೆರಾದ ತಟ್ಟೆ ಯಂತ್ರದ ಮೈಗೆ ತಾಗಿ ನಡುಕವೆಲ್ಲ ನೇರ ಕಣ್ಣಿಗೆ ಇಳಿಯುತ್ತಿತ್ತು. ಮೋಟಾರುಗಳು ದೊಡ್ಡ ಹೊಯ್ದಾಟವನ್ನು ಸರಿದೂಗಿಸುತ್ತವೆ. ಸಣ್ಣ ನಡುಕಕ್ಕೆ ಈ ರಬ್ಬರೇ ಗತಿ.

ಮಗಳು ಚಿಮುಟದಿಂದ ಹಿಡಿಯಲು ನೋಡಿದಳು, ಜಾರಿತು. ಸೂಜಿ ಹಾಕೋಣವೆಂದರೆ ಪಕ್ಕದಲ್ಲೇ ಕಾಗದದಷ್ಟು ತೆಳುವಾದ ತಂತಿಯ ಪಟ್ಟಿ, ತಾಗಿದರೆ ಯಂತ್ರವೇ ಹೋಯಿತು. "ಸರಿ, ಈಚೆ ಕೊಡು" ಅಂದೆ. ಲಂಗಕ್ಕೆ ಲಾಡಿ ಪೋಣಿಸದ ಹೆಂಗಸುಂಟೇ? ಗಟ್ಟಿ ದಾರದಲ್ಲಿ ಕುಣಿಕೆ ಮಾಡಿ ಗುಂಡಿಯ ಕುತ್ತಿಗೆಗೆ ಹಾಕಿದೆ. ದಾರದ ತುದಿಗಳನ್ನು ತೂತಿನಿಂದ ಆಚೆ ತೂರಿಸಿ, ಬೆರಳಿನಿಂದ ಈಚೆ ಮೆಲ್ಲಗೆ ಒತ್ತುತ್ತಾ ಆಚೆಯಿಂದ ಎಳೆದೆ. ಪುಳಕ್ಕನೆ ಗುಂಡಿ ತೂತಿನಲ್ಲಿ ಕೂತಿತು. ದಾರ ಬಿಚ್ಚಿಕೊಂಡೆ. ಕಾಜದೊಳಗೆ ಗುಂಡಿ ಹೋದಷ್ಟೇ ಕೆಲಸ. ಮಗಳು ನನ್ನನ್ನು ನೋಡಿದ ನೋಟಕ್ಕೆ ಮೂವತ್ತು ವರ್ಷದ ಹೊಲಿಗೆ ಕೂಲಿ ಸಂದಾಯವಾಯಿತು ಅನ್ನಿ.

ದೇವರಮನೆಯ ಕಲ್ಲಿನ ಮೇಲೆ ಮತ್ತೊಮ್ಮೆ ಮಟ್ಟ ಹಿಡಿಸಿ, ಬುಧವಾರ ಬೆಳಗಿನ ಏಳಕ್ಕೇ ಊರಿಗೆ ಹೋದೆವು. ಈ ಸಲ ಸೋಗೆಗಳಿಂದ ದೂರ, ಅಂಗಳದ ನಟ್ಟನಡುವಿನಿಂದ ಏರಿಸಿದಳು, ನಿಧಾನಕ್ಕೆ ಹಾರಿಸಿದಳು.

ಸಂಜೆ ಅಮ್ಮ "ಬೇಡ, ತಲೆ ತಿರುಗತ್ತೆ" ಎನ್ನುತ್ತಲೇ ಒಂದು ಕಣ್ಣು ತೆರೆದಳು. ಮರಗಳು ಮರದ ಹಾಗೆ ನಿಂತಿದ್ದವು. ಇನ್ನೊಂದು ಕಣ್ಣೂ ತೆರೆಯಿತು.

"ನಿಲ್ಸು, ನಿಲ್ಸು. ಅದು ಮೇಲಿನ ತೋಟ ತಾನೆ? ಈ ವರ್ಷ ಸೊಪ್ಪೇ ಹಾಕಿಲ್ಲ ಇವರು!" ಎಂದು ಮೊದಲು ಬೈದಳು. ಬಟ್ಟೆ ಒಗೆಯುವ ಕಲ್ಲು ಕಂಡಿತು, ಹಲಸಿನ ಮರ ಕಂಡಿತು. ಆಮೇಲೆ ತೋಟದ ನಡುವೆ ಬಾಗಿ ಹರಿಯುವ ಕಾಲುವೆ ಬಂತು. ಬಹಳ ಹೊತ್ತು ನೋಡಿದಳು. "ನಿಮ್ಮಪ್ಪ ತೋಡಿದ್ದು. ಇಷ್ಟು ಚೆಂದಕೆ ಬಾಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ, ಕೆಳಗಿಂದ ಕಾಣ್ತಿರಲಿಲ್ಲ" ಅಂದಳು. ಮೂರು ಸಲ ಹಾಕಿಸಿಕೊಂಡು ನೋಡಿ, "ಸಾಕು. ಈಗ ಆಯ್ತು" ಎಂದು ಊಟಕ್ಕೆ ಕೂತಳು.

ಗುರುವಾರ ನೋಂದಣಿ ಕಚೇರಿಯಲ್ಲಿ ಅಮ್ಮನ ಎದುರು ಕಾಗದ ಇಟ್ಟರು. ತೋರಿಸಿದ ಕಡೆಯೆಲ್ಲ ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದಳು. ಅವಳ ಕೈ ನಡುಗಿರಲಿಲ್ಲ.

ನನ್ನದು ನಡುಗಿತು. ಎಷ್ಟೆಂದರೆ, ಗುಮಾಸ್ತರು ಇನ್ನೊಂದು ಸಲ ಹಾಕಿ ತಾಯಿ ಅಂದರು.