ಹಂಗೇರಿಯನ್ ವ್ಯಾಕರಣಕ್ಕೆ ಕನ್ನಡದ ಒಗ್ಗರಣೆ

ಹಂಗೇರಿ ಅಂದ್ರೆ ನಮ್ಮ ರೂಮಿನ ಮೂವರಿಗೂ ಗೊತ್ತಿದ್ದದ್ದು ಎರಡೇ ಹೆಸರು. ಒಂದು, 1974ರಲ್ಲಿ ಕ್ಯೂಬ್ ಮಾಡಿದ ಎರ್ನೋ ರೂಬಿಕ್. ಇನ್ನೊಂದು, 1903ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಕಂಪ್ಯೂಟರ್ ಆರ್ಕಿಟೆಕ್ಚರ್ ಪೇಪರಿನಲ್ಲಿ ತಪ್ಪದೆ ಬರುವ ಜಾನ್ ವಾನ್ ನಾಯ್ಮನ್. ಈ ವರ್ಷ ನಮ್ಮಲ್ಲೊಬ್ಬ ಅಲ್ಲಿ ಎಂ.ಎಸ್ಸಿ. ಓದೋಕೆ ಅರ್ಜಿ ಹಾಕಿದ. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತೆ, ಸರಿ. ಆದ್ರೆ ಜ್ವರ ಬಂದಾಗ ಔಷಧಿ ಅಂಗಡಿಯಲ್ಲಿ, ಬಾಡಿಗೆ ಮನೆ ಹುಡುಕುವಾಗ ಆ ಊರಿನ ಭಾಷೆ ಬೇಕಲ್ಲ? ಹೋಗೋನು ಒಬ್ಬ, ಕಲಿಯೋದು ಮೂವರೂ ಅಂತ ತೀರ್ಮಾನ ಆಯ್ತು. ರಾತ್ರಿ ಮೆಸ್ಸಿನ ಊಟ ಮುಗಿಸಿ ದಿನಾ ಅರ್ಧ ಗಂಟೆ.

ಸಿಕ್ಕ ಪುಸ್ತಕ ಇಂಗ್ಲಿಷ್ ಮಾತಾಡುವವರಿಗೆ ಬರೆದದ್ದು. ಶುರುವಿನಲ್ಲೇ ಹೆದರಿಸುತ್ತೆ: ಈ ಭಾಷೆಯಲ್ಲಿ 18 ವಿಭಕ್ತಿ ಇವೆ, ಧೈರ್ಯ ಇರಲಿ ಅಂತ. ನಾವೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನವರೇ, ಆದ್ದರಿಂದ ಮೊದಲ ವಾರ ಪುಸ್ತಕ ಹೇಳಿದಷ್ಟೂ ಹೆದರಿದೆವು. ಆಮೇಲೆ ಉದಾಹರಣೆಗಳನ್ನು ನೋಡಿದೆವು.

‘ಹಾಜ಼್’ ಅಂದ್ರೆ ಮನೆ. ‘ಹಾಜ಼್‌ಬನ್’ ಅಂದ್ರೆ ಮನೆಯಲ್ಲಿ. ‘ಹಾಜ಼ಕ್’ ಮನೆಗಳು, ‘ಹಾಜ಼ಕ್‌ಬನ್’ ಮನೆಗಳಲ್ಲಿ. ಇಂಗ್ಲಿಷಿನವರಿಗೆ ‘ಇನ್’ ಅನ್ನೋದು ಪದದ ಮುಂದೆ ಬೇರೆಯಾಗಿ ನಿಲ್ಲಬೇಕು. ನಮಗೆ ‘ಅಲ್ಲಿ’ ಪದದ ಬಾಲಕ್ಕೆ ಅಂಟಿಕೊಳ್ಳುತ್ತೆ, ಅದೂ ‘ಗಳು’ ಆದಮೇಲೆ. ಎರಡೂ ಭಾಷೆಯಲ್ಲಿ ಅದೇ ಕ್ರಮ. 18 ಅಂತ ಎಣಿಸಿದ್ದರಲ್ಲಿ ಹೆಚ್ಚಿನವು ಒಳಗೆ, ಒಳಗಿನಿಂದ, ಮೇಲೆ, ಮೇಲಿನಿಂದ, ಹತ್ತಿರ ಅನ್ನುವಂಥ ಪ್ರತ್ಯಯಗಳು. ಹೈಸ್ಕೂಲಿನಲ್ಲಿ ‘ಪ್ರಥಮಾ, ದ್ವಿತೀಯಾ’ ಅಂತ ನಾಲ್ಕು ಮಾರ್ಕಿಗೆ ಬಾಯಿಪಾಠ ಮಾಡಿದ ಕೋಷ್ಟಕ ಹೀಗೆ ಕೆಲಸಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು!

ಇನ್ನೂ ಇದೆ. ‘ಪೇತೆರ್ ಮೇರ್ನೊಕ್’ ಅಂದ್ರೆ ‘ಪೀಟರ್ ಇಂಜಿನಿಯರು’. ನಡುವೆ ‘ಈಸ್’ ಇಲ್ಲ, ನಮಗೂ ಬೇಕಿಲ್ಲ. ‘ಕೇತ್ ಹಾಜ಼್’ ಅಂದ್ರೆ ‘ಎರಡು ಮನೆ’. ಎರಡು ಅಂದಮೇಲೆ ಮತ್ತೆ ‘ಗಳು’ ಯಾಕೆ? ಇಂಗ್ಲಿಷಿನ ‘ಹ್ಯಾವ್’ಗೆ ಅಲ್ಲಿ ಪದವೇ ಇಲ್ಲ. ‘ನೆಕೆಮ್ ವನ್ ಎದ್ಯ್ ಹಾಜ಼ಮ್’ ಅಂತಾರೆ: ನನಗೆ, ಇದೆ, ಒಂದು, ನನ್ನ ಮನೆ. ‘ನನಗೊಂದು ಮನೆ ಇದೆ’ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಉಚ್ಚಾರಣೆಗೂ ನಮ್ಮ ಲಿಪಿಯೇ ಒದಗಿತು. ಅಲ್ಲಿ ‘ಕೊರ್’ ಅಂದ್ರೆ ವಯಸ್ಸು, ‘ಕೋರ್’ ಅಂದ್ರೆ ರೋಗ. ಡಾಕ್ಟರ ಮುಂದೆ ಇವೆರಡೂ ಬೆರೆತರೆ ಕಷ್ಟ. ನಮಗೆ ಒ, ಓ ಬೇರೆ ಅಕ್ಷರವೇ ಇರುವಾಗ ಚಿಂತೆ ಏನು? ತುಟಿ ದುಂಡಗೆ ಮಾಡಿ ‘ಎ’, ‘ಇ’ ಅನ್ನುವಂಥ ಎರಡು ಸ್ವರಗಳಿಗೆ ಮಾತ್ರ ನಮ್ಮಲ್ಲಿ ಅಕ್ಷರ ಇಲ್ಲ. ಒ, ಉ ಬರೆದು ತಲೆ ಮೇಲೆ ಚುಕ್ಕೆ ಇಟ್ಟುಕೊಂಡೆವು.

ಒಂದು ದಿನ ಅವನ ಅಮ್ಮ ಫೋನಿನಲ್ಲಿ, “ಅದೇನಪ್ಪಾ ಆ ಭಾಷೆ, ಒಂದಿಷ್ಟು ಹೇಳು” ಅಂದ್ರು. ಅವರಿಗೆ ಇಂಗ್ಲಿಷ್ ಬರಲ್ಲ. ಆವತ್ತಿನ ಪಾಠ ಸ್ವರ ಹೊಂದಾಣಿಕೆ: ಮನೆಯಲ್ಲಿ ಅನ್ನೋಕೆ ‘ಹಾಜ಼್‌ಬನ್’, ತೋಟದಲ್ಲಿ ಅನ್ನೋಕೆ ‘ಕೆರ್ತ್‌ಬೆನ್’. ಪದದ ಸ್ವರ ನೋಡಿಕೊಂಡು ಪ್ರತ್ಯಯದ ಸ್ವರ ಬದಲಾಗುತ್ತೆ. ಪುಸ್ತಕ ಇದಕ್ಕೆ ಎರಡು ಪುಟ ತಗೊಂಡಿತ್ತು. ಅಮ್ಮ ಕೇಳಿಸಿಕೊಂಡು, “ನಾವು ಮನೆಗೆ, ಮರಕ್ಕೆ, ಊರಿಗೆ ಅನ್ನಲ್ವಾ, ಹಂಗೇ ಅನ್ನು” ಅಂದ್ರು. ನಿಯಮ ಬೇರೆ ನಿಜ. ನಮ್ಮಲ್ಲಿ ಪದದ ಕೊನೆ ನೋಡಿ ಪ್ರತ್ಯಯ ಬದಲಾಗುತ್ತೆ. ಆದ್ರೆ ವಿಷಯ ಅವರಿಗೆ ಒಂದೇ ನಿಮಿಷದಲ್ಲಿ ಹಿಡಿಯಿತು. ಆಮೇಲೆ ಅವರು ಮೆಲ್ಲಗೆ, “ಹಂಗಾದ್ರೆ ಅಷ್ಟೇನೂ ದೂರದ ದೇಶ ಅಲ್ಲ ಬಿಡು” ಅಂದ್ರು. ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಂತ ಎರಡೂ ಅಣ್ಣತಮ್ಮ ಭಾಷೆ ಅನ್ನೋ ಹಾಗಿಲ್ಲ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ಇಂಥದ್ದೊಂದು ನಂಟು ಇರಬಹುದು ಅಂತ ವಾದಿಸಿದ್ದರು. ಇವತ್ತಿನ ಭಾಷಾಶಾಸ್ತ್ರ ಅದನ್ನು ಒಪ್ಪಿಲ್ಲ. ಹಂಗೇರಿಯನ್ ಭಾಷೆಯ ಬಳಗ ಫಿನ್ನಿಶ್, ಎಸ್ಟೋನಿಯನ್ ಇರುವ ಯುರಾಲಿಕ್. ಕನ್ನಡ ಕೈಕೊಡುವ ಜಾಗಗಳೂ ಇವೆ. ‘ಒಂದು ಮನೆ ನೋಡ್ತೀನಿ’ ಅನ್ನೋಕೆ ‘ಲಾತೊಕ್’, ‘ಆ ಮನೆ ನೋಡ್ತೀನಿ’ ಅನ್ನೋಕೆ ‘ಲಾತೊಮ್’. ನೋಡುವ ವಸ್ತು ಯಾವುದೋ ಒಂದಾ, ಗೊತ್ತಿರೋದಾ ಅನ್ನೋದರ ಮೇಲೆ ಕ್ರಿಯಾಪದವೇ ಬದಲಾಗುತ್ತೆ. ಅವನು, ಅವಳು ಎರಡಕ್ಕೂ ಒಂದೇ ಪದ. ಇವನ್ನು ಮಾತ್ರ ಕೂತು ತಿದ್ದಿ ತೀಡಿಯೇ ಕಲಿಯಬೇಕು. ಕಲಿತಾ ಇದ್ದೀವಿ.

ಸ್ಕಾಲರ್‌ಶಿಪ್ ಫಲಿತಾಂಶ ಇನ್ನೂ ಬಂದಿಲ್ಲ. ಬಂದರೆ ಅವನು ಹೊರಡ್ತಾನೆ, ಬರದಿದ್ದರೆ ಮತ್ತೊಮ್ಮೆ ಅರ್ಜಿ. ಎರಡರಲ್ಲಿ ಯಾವುದಾದರೂ ನಮ್ಮ ಅರ್ಧ ಗಂಟೆ ನಿಲ್ಲಲ್ಲ. ಜರ್ಮನ್, ಜಪಾನೀಸ್ ಅಂತ ಕ್ಲಾಸಿಗೆ ಸೇರಿರುವ ಗೆಳೆಯರೇ, ಪುಸ್ತಕ ‘ಇದು ಕಷ್ಟ’ ಅಂದ ಕಡೆ ಒಂದು ನಿಮಿಷ ನಿಲ್ಲಿ. ಕಷ್ಟ ಯಾರಿಗೆ ಅಂತ ಕೇಳಿಕೊಳ್ಳಿ. ಅದೇ ವಾಕ್ಯವನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಿ ನೋಡಿ.