ಪಥ್ಯ ಮನೆಗೆ

ನಮ್ಮ ಕಡೆ ಮಗುವಿನ ಎದೆಯಲ್ಲಿ ಗೊರಗೊರ ಸದ್ದು ಕೇಳಿದರೆ ಸಾಕು, ಮೊದಲು ಬೀಗ ಬೀಳುವುದು ಅದರ ಬಾಯಿಗೆ. ಬಾಳೆಹಣ್ಣು ಶೀತ, ಮೊಸರು ಶೀತ, ಸೀಬೆಹಣ್ಣು ತಿಂದರೆ ಕೆಮ್ಮು. ಐಸ್‌ಕ್ರೀಮಿನ ಹೆಸರೆತ್ತುವ ಹಾಗೇ ಇಲ್ಲ. ಕೆಲವು ಮಕ್ಕಳಿಗೆ ಕೆಲವು ತಿನಿಸು ಒಗ್ಗದೇ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮಗು ದಿನಕ್ಕೆ ತಿನ್ನುವ ಬಾಳೆಹಣ್ಣು ಒಂದೋ ಎರಡೋ. ಉಸಿರಾಡುವುದು ನಿಮಿಷಕ್ಕೆ ಇಪ್ಪತ್ತು ಸಲ ಎಂದು ಹಿಡಿದರೂ ದಿನಕ್ಕೆ 28,800 ಸಲ. ಅದರಲ್ಲಿ ಬಹುಪಾಲು ನಾಲ್ಕು ಗೋಡೆಗಳ ಒಳಗೆ.

ನಮ್ಮ ಸೋದರತ್ತೆಯೊಬ್ಬರಿದ್ದಾರೆ, ಪಥ್ಯದಲ್ಲಿ ಬಹಳ ಬಿಗಿ. "ನೋಡೋ, ಮೂರು ತಿಂಗಳಿಂದ ಮಗೂಗೆ ಮೊಸರು ಮುಟ್ಟಿಸಿಲ್ಲ, ಆದ್ರೂ ರಾತ್ರಿಯೆಲ್ಲ ಗುಯ್‌ಗುಡುತ್ತೆ" ಎಂದು ಮೊಮ್ಮಗನ ಬೆನ್ನು ನೀವುತ್ತ ದುಃಖಪಡುತ್ತಿದ್ದರು. ಮಂಚದ ಕೆಳಗೆ ತಗಡಿನ ಕಾಲಿನ ಮೇಲೆ ಸೊಳ್ಳೆಬತ್ತಿ ಸುರುಳಿ ಸುರುಳಿಯಾಗಿ ಹೊಗೆ ಬಿಡುತ್ತಿತ್ತು. ಕಿಟಕಿ ಭದ್ರವಾಗಿ ಮುಚ್ಚಿತ್ತು, ತಣ್ಣನೆ ಗಾಳಿ ಮಗುವಿಗೆ ಆಗುವುದಿಲ್ಲವಲ್ಲ! ಚೀನಾ ಮತ್ತು ಮಲೇಷ್ಯಾದ ಸೊಳ್ಳೆಬತ್ತಿಗಳನ್ನು ಉರಿಸಿ ಅಳೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟು ಸೇದಿದಷ್ಟು ಸೂಕ್ಷ್ಮಕಣ ಹೊರಬೀಳುತ್ತದೆ ಎಂಬುದು ಅದರ ಲೆಕ್ಕ. ಬೀಡಿ ಸೇದುವ ಮಾವನನ್ನು ಮಗುವಿನ ಹತ್ತಿರ ಸುಳಿಯಗೊಡದ ಮನೆಯಲ್ಲಿ ಇದು ನಡೆಯುತ್ತಿತ್ತು. ಸೊಳ್ಳೆಪರದೆ ಎಂಬ ಸಾಮಾನು ನಮ್ಮ ಅಜ್ಜಂದಿರ ಮಂಚಕ್ಕೂ ಕಟ್ಟಿರುತ್ತಿತ್ತು. ಅದು ಹೊಗೆ ಬಿಡುವುದಿಲ್ಲ, ಕರೆಂಟು ಕೇಳುವುದಿಲ್ಲ. ಯಾಕೆ ಮೂಲೆಗೆ ಹೋಯಿತೋ!

ಹೊಗೆಯಲ್ಲೂ ನಾವು ಜಾತಿ ಮಾಡಿಕೊಂಡಿದ್ದೇವೆ. ಅಡುಗೆ ಒಲೆಯ ಹೊಗೆ ಕೆಟ್ಟದ್ದೆಂದು ಎಲ್ಲರೂ ಒಪ್ಪಿದ್ದೇವೆ. ಅದನ್ನು ಕೊಳವೆಯಲ್ಲಿ ಹೊರಗೆ ಕಳಿಸಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆಯನ್ನೇ ರೂಪಿಸಿದರು. ಆಮೇಲೆ ಗ್ಯಾಸ್ ಬಂತು. ದೇವರ ಮನೆಯ ಹೊಗೆಗೆ ಮಾತ್ರ ಪೂರ್ತಿ ರಿಯಾಯಿತಿ. ಎಣ್ಣೆನೀರು ಹಾಕಿದ ಕೂಸನ್ನು ಕೆಂಡದ ಮೇಲಿನ ಸಾಂಬ್ರಾಣಿಗೆ ಹಿಡಿಯುತ್ತೇವೆ. ಮೈಸೂರಿನ ಊದುಬತ್ತಿ ನನಗೂ ಪ್ರಿಯ, ಆ ಪರಿಮಳ ಮೂಗಿಗೆ ಬಿದ್ದರೆ ಅರ್ಧ ಪೂಜೆ ಆದ ಹಾಗೆ. ಆದರೆ ಶ್ವಾಸನಾಳಕ್ಕೆ ಭಕ್ತಿ ಗೊತ್ತಿಲ್ಲ. ದಮ್ಮಿರುವ ಮಗುವಿನ ಮನೆಯಲ್ಲಿ ಒಂದು ಹೂವು, ಒಂದು ದೀಪ ಇಟ್ಟರೆ ಮುನಿಸಿಕೊಳ್ಳುವ ದೇವರು ಯಾರೂ ನನಗೆ ತಿಳಿದಿಲ್ಲ. (ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿನ ವಿಷಯ ಬೇರೆ. ಅದಕ್ಕೆ ಪಕ್ಕದ ಮನೆಯವರೂ ಸೀನುವುದರಿಂದ ಅದರ ತಪ್ಪು ಯಾರಿಗೂ ಮರೆಯುವುದಿಲ್ಲ. ಕಿಟಕಿ ತೆರೆದು ಮಾಡಿದರಾಯಿತು.)

ಇನ್ನು ಹಾಸಿಗೆ. ಮನೆಯ ದೂಳು ಕೆಮ್ಮಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು; ದೂಳಿನಲ್ಲಿರುವ ಯಾವುದು ಎಂದು ಗೊತ್ತಿರಲಿಲ್ಲ. 1964ರಲ್ಲಿ ನೆದರ್ಲೆಂಡಿನ ವೂರ್‌ಹೋರ್ಸ್ಟ್ ಮತ್ತು ಅವರ ಸಂಗಡಿಗರು ಒಂದು ನುಸಿಯ ಕಡೆ ಬೆರಳು ತೋರಿಸಿದರು. ಉದ್ದ ಮಿಲಿಮೀಟರಿನ ಮೂರನೇ ಒಂದು ಪಾಲು, ಬರಿಗಣ್ಣಿಗೆ ಸಿಗುವುದಿಲ್ಲ. ತಿಗಣೆಯ ಹಾಗೆ ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು, ಗಾಳಿಯ ತೇವವನ್ನೇ ಹೀರಿಕೊಂಡು, ದಿಂಬಿನೊಳಗೆ ಸಂಸಾರ ಮಾಡುತ್ತದೆ. ಮಗುವನ್ನು ಕಾಡುವುದು ಹೆಚ್ಚಾಗಿ ಅದರ ಹಿಕ್ಕೆ. ಮಲೆನಾಡಿನ ಮಳೆಗಾಲ, ಗೋಡೆಗೆ ಬೂಷ್ಟು, ಒಣಗದ ಕಂಬಳಿ ಎಂದರೆ ಅದಕ್ಕೆ ಸುಗ್ಗಿ.

ನಮ್ಮ ಅಜ್ಜಿಗೆ ಈ ನುಸಿಯ ಪರಿಚಯವಿರಲಿಲ್ಲ. ಆದರೂ ಬೇಸಗೆ ಬಂತೆಂದರೆ ಮನೆಯ ಹಾಸಿಗೆ, ದಿಂಬು, ಕೌದಿಗಳೆಲ್ಲ ಅಂಗಳದ ಬಿಸಿಲಿಗೆ ಬೀಳುತ್ತಿದ್ದವು. ಸಂಜೆ ಬೆತ್ತದಲ್ಲಿ ಬಡಿಯುವ ಕೆಲಸ ನಮ್ಮದು. ಮೇಷ್ಟ್ರ ಮೇಲಿನ ಸಿಟ್ಟೆಲ್ಲ ದಿಂಬಿನ ಮೇಲೆ ತೀರುತ್ತಿತ್ತು. ಗಂಟುಗಟ್ಟಿದ ಹಾಸಿಗೆಯನ್ನು ಬಿಚ್ಚಿ ಹತ್ತಿ ಹಿಂಜಿಕೊಡುವವರು ಬಿಲ್ಲಿನ ತಂತಿ ಮೀಟುತ್ತ ಬೀದಿಯಲ್ಲಿ ಬರುತ್ತಿದ್ದರು. ಈಗಿನ ಸ್ಪ್ರಿಂಗಿನ ಹಾಸಿಗೆಯನ್ನು ನಾಲ್ಕನೇ ಮಹಡಿಯಿಂದ ತಾರಸಿಗೆ ಹೊರಲು ನಾಲ್ಕಾಳು ಬೇಕು. ಹಾಗಾಗಿ ಅದು ಕೊಂಡ ದಿನದಿಂದ ಬಿಸಿಲನ್ನೇ ಕಂಡಿರುವುದಿಲ್ಲ. ಅದಕ್ಕೆ ನೆಯ್ಗೆ ಬಿಗಿಯಾದ ಕವರು ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ 55-60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಬಿಸಿನೀರು ತಾಳದ ಕರಡಿ ಗೊಂಬೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಆಮೇಲೆ ಒಗೆಯಿರಿ ಎನ್ನುತ್ತಾರೆ ವೈದ್ಯರು. ಐಸ್‌ಕ್ರೀಮು ನಿಷೇಧವಾದ ಮನೆಯಲ್ಲಿ ಕರಡಿಗೆ ಸಿಕ್ಕ ಭಾಗ್ಯ!

ಎಲ್ಲವೂ ಮನೆಯದೇ ತಪ್ಪು ಎಂದರೆ ಅನ್ಯಾಯ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟಿದ್ದರು. ಅಸ್ತಮಾ ಇದ್ದವರು 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಆ ಇಪ್ಪತ್ತು ವರ್ಷಗಳಲ್ಲಿ ಊರಿನ ರಸ್ತೆಗಳ ಗತಿ ಏನಾಯಿತೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆದರೆ ಬಸ್ಸಿನ ಹೊಗೆ, ಕಾಂಗ್ರೆಸ್ ಗಿಡದ ಪರಾಗ ನನ್ನ ಮಾತು ಕೇಳುವುದಿಲ್ಲ. ಮಂಚದ ಕೆಳಗಿನ ಬತ್ತಿ ಕೇಳುತ್ತದೆ.

ಜಿರಲೆಯೂ ದಮ್ಮು ಕೆರಳಿಸುತ್ತದೆ. ಅದನ್ನು ಕೊಲ್ಲಲು ತಂದ ವಿಷದ ಸೀಮೆಸುಣ್ಣ ಸ್ಲೇಟಿನ ಬಳಪದಂತೆಯೇ ಕಾಣುತ್ತದೆ, ಮಗುವಿನ ಕೈಗೆ ಸಿಗದ ಹಾಗೆ ಇಡಬೇಕು.

ಅತ್ತೆಗೆ ಇನ್ನೊಂದು ಅಂಜಿಕೆ, ಡಾಕ್ಟರು ಬರೆದುಕೊಟ್ಟ ಇನ್‌ಹೇಲರಿನದು: "ಆ ಪಂಪು ಬೇಡ ಕಣೋ, ಅಭ್ಯಾಸವಾಗಿಬಿಡುತ್ತೆ." ಮೃಗಶಿರೆಗೆ ಹೈದರಾಬಾದಿನಲ್ಲಿ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಕ್ಕೆ ರೈಲು ಹತ್ತಲು ಮಾತ್ರ ಸಿದ್ಧರು. ಅಮೆರಿಕದಲ್ಲಿ ಔಷಧ ಕಂಪನಿಯೊಂದರ ಮುಖ್ಯಸ್ಥರ ಹದಿಮೂರು ವರ್ಷದ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ನನ್ನ ದಮ್ಮಿನ ಔಷಧವನ್ನೂ ಯಾಕೆ ಮಾಡಬಾರದು ಎಂದು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಅದು ಅಂಗಡಿಗೆ ಬಂತು. ಗುಳಿಗೆ ಮೈಯೆಲ್ಲ ಸುತ್ತಿ ಬರಬೇಕು. ಪಂಪಿನ ಮದ್ದು ಅದಕ್ಕಿಂತ ಎಷ್ಟೋ ಕಡಿಮೆ ಅಳತೆಯಲ್ಲಿ ನೇರ ಎದೆಗಿಳಿಯುತ್ತದೆ. ಪುಟ್ಟ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಸೇರಿಸಿ ಕೊಡಬೇಕು, ಅಷ್ಟೆ. ಹಾಸಿಗೆ ಬಿಸಿಲಿಗೆ ಹಾಕಿದೆವು, ಬತ್ತಿ ಬಿಸಾಕಿದೆವು, ಇನ್ನು ಔಷಧ ಯಾಕೆ ಎಂದು ಡಾಕ್ಟರನ್ನು ಕೇಳದೆ ಪಂಪನ್ನು ಮಾತ್ರ ನಿಲ್ಲಿಸಬೇಡಿ.