ಪ್ರೇಯಸ್ಸಿನ ಗುಳಿಗೆ, ಶ್ರೇಯಸ್ಸಿನ ಗುಳಿಗೆ

ಚಿತ್ರದುರ್ಗದ ನಾವೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮೂವರು ಹಳೆಯ ಮಿತ್ರರೂ ಉಪಾಧ್ಯಾಯವೃತ್ತಿಯಿಂದ ವಿಶ್ರಾಂತಿ ಹೊಂದಿದವರು. ಮದುವೆ ಮುಂಜಿಗಳಲ್ಲಿ ಕಲೆತಾಗ ನಮ್ಮಲ್ಲಿ ಈಗ ನಡೆಯುವುದು ವ್ಯಾಕರಣದ ಚರ್ಚೆಯಲ್ಲ, ಗುಳಿಗೆಗಳ ತಾರತಮ್ಯದ ಚರ್ಚೆ. ಹೊಸದುರ್ಗದವರಿಗೂ ನಮಗೂ ಇರುವುದು ಒಂದೇ ವ್ಯಾಧಿ. ವೈದ್ಯರು ಅದನ್ನು ಹೃದಯವೈಫಲ್ಯವೆನ್ನುವರು. ಹೃದಯವು ನಿಂತಿತೆಂದು ಅದರ ಅರ್ಥವಲ್ಲ. ನಮ್ಮಿಬ್ಬರಲ್ಲಿ ರಕ್ತವನ್ನು ನೂಕುವ ಅದರ ಬಲವು ಕುಂದಿದೆ. ಅದರಿಂದ ಕಾಲು ಬಾಯುವುದು. ಮಲಗಿದರೆ ಉಸಿರು ಕಟ್ಟುವುದು.

ಇಷ್ಟು ಗುಳಿಗೆಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ ಹೊಸದುರ್ಗದ ಮಿತ್ರರು ಫ್ಯೂರೊಸೆಮೈಡನ್ನೇ ಹೊಗಳುತ್ತಿದ್ದರು. ಅದು ಮೂತ್ರಲ; ನುಂಗಿದ ದಿನವೇ ನೀರನ್ನು ಇಳಿಸಿ ಸುಖನಿದ್ರೆಯನ್ನು ಕೊಡುವುದು. ಉಳಿದವುಗಳ ಕೆಲಸವು ಕಣ್ಣಿಗೆ ಕಾಣದು. ಬಾವು ಇಳಿದೊಡನೆ ಅವರು ಆ ಉಳಿದವನ್ನು ಬಿಟ್ಟರು. ಎರಡು ತಿಂಗಳೊಳಗೆ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾಯಿತು. ಪುಣ್ಯವಶಾತ್ ಬದುಕಿ ಬಂದರು.

ಹಿತವಾಗಿ ತೋರುವ ಪ್ರೇಯಸ್ಸಿಗೂ ಹಿತವನ್ನು ಮಾಡುವ ಶ್ರೇಯಸ್ಸಿಗೂ ಇರುವ ಭೇದವನ್ನು ಕಠೋಪನಿಷತ್ತಿನಲ್ಲಿ ಯಮನೇ ಬೋಧಿಸಿರುವನಷ್ಟೆ. ಔಷಧಗಳಲ್ಲಿಯೂ ಈ ಭೇದವುಂಟು. 1785ರಲ್ಲಿ ಇಂಗ್ಲೆಂಡಿನ ವಿದರಿಂಗ್ ವೈದ್ಯನು ಪ್ರಸಿದ್ಧಿಗೆ ತಂದ ಡಿಜಿಟಾಲಿಸ್ ಮೂಲಿಕೆಯ ವರ್ಗದ ಡಿಜಾಕ್ಸಿನನ್ನು 1997ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 6,800 ರೋಗಿಗಳಲ್ಲಿ ನೋಡಿದರು: ಆಸ್ಪತ್ರೆಯ ಅಲೆದಾಟ ತಗ್ಗಿತು, ಮರಣ ತಗ್ಗಲಿಲ್ಲ. 1987ರ ಪರೀಕ್ಷೆಯಲ್ಲಾದರೋ, ತೀವ್ರ ವ್ಯಾಧಿಯುಳ್ಳವರಲ್ಲಿ ಆರು ತಿಂಗಳೊಳಗೆ ನೂರಕ್ಕೆ 44 ಇದ್ದ ಮರಣವು ಎನಾಲಪ್ರಿಲಿನಿಂದ 26ಕ್ಕೆ ಇಳಿಯಿತು. ಹೃದಯವು ಸೋತಾಗ ಶರೀರವು ಗಾಬರಿಗೊಂಡು ರಕ್ತನಾಳಗಳನ್ನು ಬಿಗಿದು ಉಪ್ಪನ್ನು ಕೂಡಿಡುವುದು. ಆ ಬಿಗಿತವೇ ಹೃದಯವನ್ನು ಮತ್ತಷ್ಟು ದಣಿಸುವುದು. ಎನಾಲಪ್ರಿಲ್ ಅದನ್ನು ಸಡಿಲಿಸುವುದು.

ಬಿಸೊಪ್ರೊಲಾಲ್ ಮತ್ತು ಸ್ಪೈರನೊಲ್ಯಾಕ್ಟೋನ್ 1999ರಲ್ಲಿಯೂ, ಮಧುಮೇಹಕ್ಕೆಂದು ಹುಟ್ಟಿದ ಡಾಪಾಗ್ಲಿಫ್ಲೋಜಿನ್ 2019ರಲ್ಲಿಯೂ ಹೀಗೆಯೇ ಪರೀಕ್ಷೆಯಲ್ಲಿ ಗೆದ್ದವು. ಇವು ಒಂದರೊಡನೊಂದು ಕಾದಾಡಿ ಗೆದ್ದವಲ್ಲ. ಹಳೆಯ ಚಿಕಿತ್ಸೆಯ ಮೇಲೆ ಕೂಡಿಸಿದಾಗ ಗೆದ್ದವು. ನೇರವಾಗಿ ಹೋಲಿಸಿದುದು 2014ರಲ್ಲಿ: ಎನಾಲಪ್ರಿಲ್ ಸೇವಿಸಿದವರಲ್ಲಿ ನೂರಕ್ಕೆ ಸುಮಾರು 20 ಮಂದಿ, ಸಕ್ಯುಬಿಟ್ರಿಲ್‌-ವಲ್ಸಾರ್ಟಾನ್ ಸೇವಿಸಿದವರಲ್ಲಿ 17 ಮಂದಿ ಮೃತರಾದರು. ಆದುದರಿಂದ ಈಗ ವೈದ್ಯರು ನಾಲ್ಕು ವರ್ಗಗಳನ್ನೂ ಜೊತೆಯಾಗಿಯೇ ಕೊಡಬಯಸುವರು. ಮೂತ್ರಲವು ಬಾವಿಗೆ, ಈ ನಾಲ್ಕು ಆಯುಸ್ಸಿಗೆ.

ಹಿರಿಯೂರಿನ ಮಿತ್ರರು ಹೊಳೆಮತ್ತಿಯ ತೊಗಟೆಯ ಕಷಾಯವನ್ನು ಸೂಚಿಸುವರು. ಅರ್ಜುನವು ಹೃದ್ಯವೆಂದು ಆಯುರ್ವೇದದಲ್ಲಿ ಪ್ರಸಿದ್ಧವೇ ಸರಿ. ಆದರೆ ಇಂತಹ ದೊಡ್ಡ ಪರೀಕ್ಷೆಗಳಿಂದ ಅದು ಆಯುಸ್ಸನ್ನು ಹೆಚ್ಚಿಸುವುದೆಂದು ಸಿದ್ಧವಾಗಿಲ್ಲ.

ಮನೆಯಲ್ಲಿ ಈ ವ್ಯಾಧಿಯವರಿದ್ದರೆ ಗೃಹಸ್ಥರು ನೆನಪಿಡತಕ್ಕುದು ಸ್ವಲ್ಪವೇ. ಉಪ್ಪಿನಕಾಯಿ, ಹಪ್ಪಳಗಳನ್ನು ಮಿತಗೊಳಿಸಬೇಕು. ಮಂಡಿನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಅನೇಕವು ನೀರನ್ನು ಕೂಡಿಡುವುವು. ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿ ಮೂತ್ರಪಿಂಡಗಳ ಸ್ಥಿತಿಯನ್ನೂ ಪೊಟ್ಯಾಸಿಯಂ ಪ್ರಮಾಣವನ್ನೂ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಗುಣ ಕಂಡಿತೆಂದು ಗುಳಿಗೆಯನ್ನು ಬಿಡಬಾರದು. ಗುಣ ಕಂಡಿರುವುದು ಆ ಗುಳಿಗೆಯಿಂದಲೇ.